ಅಟ್ಟದ ಮೇಲಿನ ತಂತಿ

ಮಳೆಗಾಲದಲ್ಲಿ ಕರೆಂಟು ಹೋದರೆ ಊರಿಗೆಲ್ಲ ಬೇಸರ, ತಂತಿ ರಾಯರಿಗೆ ಮಾತ್ರ ಖುಷಿ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಅವರ ಊರು. ಜೂನ್ ಹಿಡಿಯಿತೆಂದರೆ ಅಲ್ಲಿ ಕರೆಂಟು ಇದ್ದರೆ ಸುದ್ದಿ, ಇಲ್ಲದಿದ್ದರೆ ವಾಡಿಕೆ. ಮಿಕ್ಸಿ ನಿಂತಿತೆಂದು ಹೆಂಗಸರು, ಧಾರಾವಾಹಿ ತಪ್ಪಿತೆಂದು ಅಜ್ಜಿಯರು, ಮೊಬೈಲಿಗೆ ಸಿಗ್ನಲ್ ಇಲ್ಲವೆಂದು ಹುಡುಗರು ಗೊಣಗುತ್ತಿರುವ ಹೊತ್ತಿಗೆ ರಾಯರು ಪಂಚೆ ಎತ್ತಿ ಕಟ್ಟಿ, ಟಾರ್ಚು ಹಿಡಿದು, ಏಣಿ ಹತ್ತಿ ಅಟ್ಟ ಸೇರುತ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕುಂಯ್ ಕುಂಯ್ ಎಂಬ ಸದ್ದು ಶುರುವಾಗುತ್ತದೆ. ಹೊಸದಾಗಿ ಬಂದ ನೆಂಟರು "ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆಯಾ?" ಎಂದು ಕೇಳಿದ್ದುಂಟು. ಬೆಕ್ಕಲ್ಲ, ರಾಯರು. ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಅವರು ಅಲ್ಲಿ ಕುಳಿತು ಯಾರೊಂದಿಗೋ ಮಾತಾಡುತ್ತಿರುತ್ತಾರೆ, ಬಾಯಿಂದಲ್ಲ, ಬೆರಳಿನಿಂದ.

ತಂತಿ ರಾಯರು ಎಂಬುದು ಊರು ಕೊಟ್ಟ ಹೆಸರು. 1971ರಲ್ಲಿ ಅಂಚೆ ಮತ್ತು ತಂತಿ ಇಲಾಖೆಗೆ ಸೇರಿದಾಗ ಅವರಿಗೆ ಇಪ್ಪತ್ತೊಂದು. ತರಬೇತಿಯಲ್ಲಿ ಕಲಿತದ್ದು ಮೋರ್ಸ್ ಸಂಕೇತ. ಗಿಡ್ಡದೊಂದು ಚುಕ್ಕೆ, ಉದ್ದದೊಂದು ಗೀಟು. ಗೀಟು ಎಂದರೆ ಮೂರು ಚುಕ್ಕೆಯಷ್ಟು ಉದ್ದ. ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಮೂರು ಚುಕ್ಕೆಯಷ್ಟು ಮೌನ, ಪದಕ್ಕೂ ಪದಕ್ಕೂ ನಡುವೆ ಏಳು ಚುಕ್ಕೆಯಷ್ಟು ಮೌನ. ಕಲಿಸಿದ ಮಾಸ್ತರರು ಸದ್ದು ತಪ್ಪಿದರೆ ಸುಮ್ಮನಿರುತ್ತಿದ್ದರಂತೆ, ಮೌನ ತಪ್ಪಿದರೆ ಗದರುತ್ತಿದ್ದರಂತೆ. ಜಾಗ ಬಿಡದೆ ಒತ್ತಿದರೆ ಎರಡು ಅಕ್ಷರ ಕೂಡಿ ಮೂರನೆಯದಾಗುತ್ತದೆ, ಬದುಕಿದವರು ಸತ್ತವರಾಗುತ್ತಾರೆ ಎಂಬುದು ಅವರ ಮಾತು.

ಸತ್ತವರ ಮಾತು ಸುಮ್ಮನೆ ಬಂದದ್ದಲ್ಲ. ಕನ್ನಡದಲ್ಲಿ ತಂತಿ ಎಂದರೆ ಲೋಹದ ಎಳೆಯೂ ಹೌದು, ಆ ಎಳೆಯ ಮೇಲೆ ಬಂದ ಸುದ್ದಿಯೂ ಹೌದು. ಹಳ್ಳಿಯಲ್ಲಿ ಆ ಕಾಲದಲ್ಲಿ "ತಂತಿ ಬಂತು" ಎಂದರೆ ಲಕೋಟೆ ಒಡೆಯುವ ಮೊದಲೇ ಒಳಗಿನಿಂದ ಅಳು ಕೇಳುತ್ತಿತ್ತು. ರಾಯರಿಗೆ ಮದುವೆ ಗೊತ್ತಾದಾಗ ಹೆಣ್ಣಿನ ಅಜ್ಜಿ, "ಹುಡುಗ ತಂತಿ ಆಫೀಸಿನಲ್ಲಾ? ಸಾವಿನ ಸುದ್ದಿ ಹಂಚುವ ಕೆಲಸ" ಎಂದು ಮುಖ ಸಿಂಡರಿಸಿದ್ದರಂತೆ. ದೀಪಾವಳಿಯ ಶುಭಾಶಯಕ್ಕೆ ಒಂದು ಸಂಖ್ಯೆ, ಮದುವೆಯ ಶುಭಾಶಯಕ್ಕೆ ಇನ್ನೊಂದು ಸಂಖ್ಯೆ ಎಂದು ಇಲಾಖೆ ಗೊತ್ತುಮಾಡಿದ್ದ ಒಳ್ಳೆಯ ಸುದ್ದಿಗಳನ್ನೂ ತಾವು ಸಾವಿರಗಟ್ಟಲೆ ಕಳುಹಿಸಿದ್ದೇವೆ ಎಂದು ರಾಯರು ಹೇಳುತ್ತಲೇ ಬಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದೆ ಟೆಲಿಪ್ರಿಂಟರು ಬಂತು, ಕಂಪ್ಯೂಟರು ಬಂತು, ಟಕಟಕ ನಿಂತಿತು. ರಾಯರನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರಿಸಿದರು. 2010ರಲ್ಲಿ ನಿವೃತ್ತರಾದರು. 2013ರ ಜುಲೈ 14ರಂದು ತಂತಿ ಸೇವೆಯೇ ಕೊನೆಯಾಯಿತು. ಆ ಭಾನುವಾರ ಬೆಂಗಳೂರಿನ ಮಗನ ಮನೆಯಲ್ಲಿದ್ದ ರಾಯರು, ನೆನಪಿಗೊಂದು ತಂತಿ ಕಳುಹಿಸಲು ಬಂದವರ ಸಾಲಿನಲ್ಲಿ ತಾವೂ ನಿಂತು, ಊರಿನಲ್ಲಿದ್ದ ಹೆಂಡತಿಗೆ "ಬುಧವಾರ ಊಟಕ್ಕೆ ಬರುತ್ತೇನೆ" ಎಂದು ತಂತಿ ಕೊಟ್ಟರು. ಊಟ ಮುಗಿಸಿ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ಅದು ಬಂದು ತಲುಪಿತು. ಆ ತಾಯಿ ಜೀವಮಾನದಲ್ಲಿ ನಗುತ್ತಾ ಓದಿದ ತಂತಿ ಅದೊಂದೇ.

ಅದಾದ ಮೇಲೆ ಮೌನ. ಇದು ಮೂರು ಚುಕ್ಕೆಯ ಮೌನವಲ್ಲ. ರಾಯರಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಮೊದಮೊದಲು ಅದು ಮನೆಯಲ್ಲಿ ನಗೆಯ ವಸ್ತುವಾಗಿತ್ತು. ಹೆಂಡತಿ ಸೊಪ್ಪು ತನ್ನಿ ಎಂದರೆ ಅಂಗಡಿಯಿಂದ ಉಪ್ಪು ಬರುತ್ತಿತ್ತು. ಮಂಗಳೂರಿನ ವೈದ್ಯರು ಪರೀಕ್ಷೆ ಮಾಡಿ ಒಂದು ನಕ್ಷೆ ಕೊಟ್ಟರು. ಸಾವಿರ ಹರ್ಟ್ಸ್‌ವರೆಗಿನ ತಗ್ಗು ಸ್ವರಗಳು ಹೆಚ್ಚು ಕಡಿಮೆ ಸರಿಯಾಗಿಯೇ ಕೇಳುತ್ತಿದ್ದವು. ಎರಡು ಸಾವಿರ ದಾಟಿದ್ದೇ ಗೆರೆ ಆಗುಂಬೆ ಘಾಟಿಯ ಹಾಗೆ ಕಡಿದಾಗಿ ಕೆಳಗಿಳಿದಿತ್ತು. ವಯಸ್ಸಾದವರ ಕಿವಿ ಕೆಡುವುದೇ ಹಾಗೆ. ಅ, ಓ, ಊ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನಲ್ಲಿರುತ್ತದೆ. ಸ, ಶ, ಚ, ತ, ಕ ಇವುಗಳ ಗುರುತು ಇರುವುದು ಮೇಲಿನ ಕಂಪನಗಳಲ್ಲಿ. ಹೀಗಾಗಿ ಮಾತು ಕೇಳುತ್ತದೆ, ತಿಳಿಯುವುದಿಲ್ಲ. ತಟ್ಟೆ, ಕಟ್ಟೆ, ಚಟ್ಟೆ ಎಲ್ಲವೂ ಒಂದೇ. ಕೂಗಿದರೂ ಪ್ರಯೋಜನವಿಲ್ಲ, ಮಸುಕಾದ ಚಿತ್ರವನ್ನು ದೊಡ್ಡದು ಮಾಡಿದಂತಾಗುತ್ತದೆ.

ಯಂತ್ರ ತಂದರು. ಅದು ಮಾತಿನ ಜೊತೆಗೆ ಹಂಚಿನ ಮೇಲಿನ ಮಳೆಯನ್ನೂ, ಪಾತ್ರೆಯ ಸದ್ದನ್ನೂ, ಹೋರಿಯ ಗಂಟೆಯನ್ನೂ ಕಿವಿಗೆ ಸುರಿಯಿತು. ಅದು ಡಬ್ಬಿಯಲ್ಲಿ ಕುಳಿತಿತು. ಫೋನಿನಲ್ಲಿ ಮಗ ಮಾತಾಡಿದರೆ ರಾಯರು ಎರಡು ಸಲ "ಹಾಂ?" ಎಂದು, ಮೂರನೆಯ ಸಲಕ್ಕೆ "ಆಯ್ತು, ಅಮ್ಮನಿಗೆ ಕೊಡ್ತೇನೆ" ಎನ್ನುತ್ತಿದ್ದರು. ಜಗಲಿಯಲ್ಲಿ ನಾಲ್ಕು ಜನ ಸೇರಿದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಕುರುಡರನ್ನು ಕಂಡರೆ ಜನಕ್ಕೆ ಮರುಕ ಹುಟ್ಟುತ್ತದೆ, ಕಿವುಡರನ್ನು ಕಂಡರೆ ಸಿಟ್ಟು ಬರುತ್ತದೆ. ಇದು ರಾಯರ ಹೆಂಡತಿಯ ಅನುಭವ.

ಪಕ್ಕದ ಮನೆಯ ಹುಡುಗ ಆಗ ಡಿಪ್ಲೊಮಾ ಓದುತ್ತಿದ್ದ. ಅವನ ಕಾಲೇಜಿಗೆ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಬಂದು ಪ್ರಾತ್ಯಕ್ಷಿಕೆ ತೋರಿಸಿದ್ದರಂತೆ. ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದಿದ್ದ. ರಾಯರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಸುಮ್ಮನೆ ಅದನ್ನು ಹಾಕಿದ. ಹುಡುಗ ಬಂದಾಗ ಹೇಳಿದ ನಮಸ್ಕಾರವೂ ಕೇಳಿಸದಿದ್ದ ರಾಯರು ಕತ್ತು ತಿರುಗಿಸಿದರು. "ಸಿ, ಕ್ಯೂ, ಸಿ, ಕ್ಯೂ, ಡಿ, ಇ, ವಿ, ಯು" ಎಂದು ಒಂದೊಂದೇ ಅಕ್ಷರ ಹೇಳತೊಡಗಿದರು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿ ಲೋಟವನ್ನು ಕೆಳಗಿಟ್ಟರು.

"ನಿಮಗೆ ಕೇಳ್ತಾ ಉಂಟಾ?"

ಅದು ಮಾತ್ರ ಕೇಳಿಸಲಿಲ್ಲ. ರಾಯರು ಮೊಬೈಲನ್ನೇ ನೋಡುತ್ತಿದ್ದರು.

ಇದರಲ್ಲಿ ಪವಾಡವೇನೂ ಇರಲಿಲ್ಲ. ರೇಡಿಯೋದಲ್ಲಿ ಮೋರ್ಸ್ ಕೇಳುವುದು ಒಂದೇ ಸ್ವರವಾಗಿ, ಸಾಮಾನ್ಯವಾಗಿ 600 ಹರ್ಟ್ಸ್ ಸುಮಾರಿನಲ್ಲಿ. ರಾಯರ ಕಿವಿಯ ನಕ್ಷೆಯಲ್ಲಿ ಘಾಟಿ ಇಳಿಯುವ ಮೊದಲಿನ ಸಮತಟ್ಟು ಅದು. ಅಲ್ಲಿ ವ್ಯಂಜನಗಳ ತೊಡಕಿಲ್ಲ. ಸದ್ದು ಇದೆಯೋ ಇಲ್ಲವೋ, ಉದ್ದವೋ ಗಿಡ್ಡವೋ, ಅಷ್ಟೇ. ಹಳೆಯ ತಂತಿ ಕಚೇರಿಯಲ್ಲಿ ಕೇಳುತ್ತಿದ್ದುದು ಹಿತ್ತಾಳೆಯ ಸೌಂಡರಿನ ಟಕಟಕ, ಇದು ಕೊಳಲಿನ ಹಾಗೆ. ಹೊಂದಿಕೊಳ್ಳಲು ರಾಯರಿಗೆ ಒಂದು ವಾರ ಹಿಡಿಯಿತು.

ಆದರೆ ಗಾಳಿಯಲ್ಲಿ ಸಂದೇಶ ಕಳುಹಿಸುವುದಕ್ಕೆ ಪರೀಕ್ಷೆ ಪಾಸಾಗಿ ಸರ್ಕಾರದ ಪರವಾನಗಿ ಪಡೆಯಬೇಕು. ಮೋರ್ಸ್ ಪರೀಕ್ಷೆಯನ್ನು ರಾಯರು ಎಲೆ ಅಡಿಕೆ ಮೆಲ್ಲುವಷ್ಟು ಸಲೀಸಾಗಿ ಮುಗಿಸಿದರು. ಎಡವಿದ್ದು ಓಮ್‌ನ ನಿಯಮದಲ್ಲಿ. ನಲವತ್ತು ವರ್ಷ ತಂತಿಯಲ್ಲಿ ವಿದ್ಯುತ್ತು ಹರಿಸಿದವರಿಗೆ ಅದನ್ನು ಭಾಗಿಸುವುದು ಗೊತ್ತಿರಲಿಲ್ಲ. ಹುಡುಗ ಪಾಠ ಹೇಳಿದ, ಎರಡನೆಯ ಸಲಕ್ಕೆ ಪಾಸಾಯಿತು. 2019ರಲ್ಲಿ ವಿಯು 2 ಎಂದು ಶುರುವಾಗುವ ಕರೆ ಸಂಕೇತ ಸಿಕ್ಕಿತು. ಅವರು ನೌಕರಿ ಮಾಡಿದ್ದು 1885ರ ಭಾರತೀಯ ತಂತಿ ಕಾಯಿದೆಯ ಕೆಳಗೆ. ಪರವಾನಗಿ ಸಿಕ್ಕಿದ್ದೂ ಅದೇ ಕಾಯಿದೆಯ ಕೆಳಗೆ. ಇಲಾಖೆ ತಮ್ಮನ್ನು ಮತ್ತೆ ಕರೆಸಿಕೊಂಡಿತು ಎಂದು ರಾಯರು ಊರಿಗೆಲ್ಲ ಹೇಳಿದರು.

ಯಂತ್ರಕ್ಕೆ ಬಹಳ ಖರ್ಚಾಗಲಿಲ್ಲ. ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಎಂಬ ಮಾದರಿ ಇದೆ. ಜೋಡಿಸಿಕೊಳ್ಳುವ ಬೋರ್ಡು ತರಿಸಿ, ಹಳೆಯ ಬಿಸ್ಕತ್ತಿನ ಡಬ್ಬಕ್ಕಿಂತ ತುಸು ದೊಡ್ಡ ಪೆಟ್ಟಿಗೆಯಲ್ಲಿ ಹುಡುಗ ಅದನ್ನು ಕೂರಿಸಿದ. ಹೊರಹಾಕುವ ಶಕ್ತಿ ಹತ್ತು ವ್ಯಾಟ್ ಆಸುಪಾಸು, ಬಚ್ಚಲಿನ ಎಲ್‌ಇಡಿ ಬಲ್ಬಿನಷ್ಟು. ಕಷ್ಟ ಬಂದದ್ದು ಆಂಟೆನಾದ್ದು.

ಅಡಿಕೆ ತೋಟ ಇರುವವರಿಗೆ ಕಂಬದ ಚಿಂತೆ ಯಾಕೆ ಎಂದು ಮೊದಲು ಎರಡು ಅಡಿಕೆ ಮರಗಳ ನಡುವೆ ತಂತಿ ಎಳೆದರು. ನಾಲ್ಕನೆಯ ದಿನ ಮಂಗಗಳು ಬಂದವು. ಹಿರಿಯ ಮಂಗ ಮೊದಲು ತಂತಿಯನ್ನು ಎಳೆದು ನೋಡಿತು, ಗಟ್ಟಿಯಾಗಿದೆ ಎನಿಸಿದ ಮೇಲೆ ಸಂಸಾರವನ್ನೆಲ್ಲ ಕರೆಯಿತು. ಜೋಕಾಲಿ ಆಡಿ ಮುಗಿಸಿದಾಗ ತಂತಿ ನಾಲ್ಕು ತುಂಡಾಗಿತ್ತು. ಎರಡನೆಯ ಸಲ ದಪ್ಪ ತಂತಿ ಕಟ್ಟಿದರು. ಅದು ತುಂಡಾಗದೆ ಅಡಿಕೆ ಮರದ ಸುಳಿಯನ್ನೇ ಬಗ್ಗಿಸಿತು. ಮೂರನೆಯ ಸಲ ಮಂಗ ಬರಲಿಲ್ಲ, ಸಿಡಿಲು ಬಂತು. ಏಪ್ರಿಲ್ ತಿಂಗಳ ಮೊದಲ ಗುಡುಗಿಗೆ ತೋಟದಾಚೆಯ ತೆಂಗಿನ ಮರ ಸುಟ್ಟು ನಿಂತಿತು. ರಾಯರ ಹೆಂಡತಿ ಅಂದು ಸಂಜೆ, "ಆ ತಂತಿ ಮನೆಯೊಳಗೆ ಬರುವುದಾದರೆ ನಾನು ತಂಗಿಯ ಮನೆಗೆ ಹೋಗ್ತೇನೆ" ಎಂದು ಖಂಡಿತವಾಗಿ ಹೇಳಿದರು. ಇದನ್ನು ಹೇಳಲು ಅವರು ಪಂಚಾಂಗದ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕಾಯಿತು.

ಉಳಿದದ್ದು ಅಟ್ಟ.

ಮಲೆನಾಡಿನ ಹಳೆಯ ಮನೆಯ ಅಟ್ಟ ಎಂದರೆ ಸಂಸಾರದ ಹಿಂದಿನ ಪುಟಗಳು. ತಾಮ್ರದ ಹಂಡೆ, ಮದುವೆಯ ಕೊಪ್ಪರಿಗೆ, ಮೂರು ತಲೆಮಾರು ಮಲಗಿದ ತೊಟ್ಟಿಲು, ತೂತು ಬಿದ್ದ ಗೊರಬು, ಖಾಲಿ ಗೋಣಿ, ಇಲಿಬೋನು, ಇಲಿ. ಮೇಲೆ ತೊಲೆ, ಪಕಾಸು, ರೀಪು, ಅದರ ಮೇಲೆ ಮಂಗಳೂರು ಹಂಚು. ರೇಡಿಯೋ ಅಲೆಗೆ ಒಣಗಿದ ಸುಟ್ಟ ಮಣ್ಣು ಅಡ್ಡಿಯಲ್ಲ, ಮರವೂ ದೊಡ್ಡ ಅಡ್ಡಿಯಲ್ಲ. ಆರ್‌ಸಿಸಿ ಮನೆಯಾಗಿದ್ದರೆ ಕಬ್ಬಿಣದ ಸರಳುಗಳ ಬಲೆ ಅಲೆಯನ್ನು ತಡೆಯುತ್ತಿತ್ತು. ಮಂಗ ಒಳಗೆ ಬರುವುದಿಲ್ಲ, ಗಾಳಿಗೆ ತಂತಿ ಹರಿಯುವುದಿಲ್ಲ. ಸಿಡಿಲಿಗೆ ತೋಟದ ತಂತಿಯಷ್ಟು ಬಯಲಾಗಿ ನಿಲ್ಲುವುದಿಲ್ಲ. ಆದರೂ ಗುಡುಗು ಕೇಳಿದೊಡನೆ ಕೇಬಲ್ ಕಳಚಿ ಹೊರಗಿಡಬೇಕು. ಗುಡುಗು ತಗ್ಗು ಸ್ವರವಾದ್ದರಿಂದ ರಾಯರಿಗೆ ಚೆನ್ನಾಗಿಯೇ ಕೇಳುತ್ತದೆ.

ಇನ್ನು ಲೆಕ್ಕ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ರಾಯರು ಆರಿಸಿಕೊಂಡದ್ದು 40 ಮೀಟರ್ ಬ್ಯಾಂಡಿನಲ್ಲಿ 7.03 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 70 ಲಕ್ಷದ 30 ಸಾವಿರ ಕಂಪನ. ಭಾಗಿಸಿದರೆ ಒಂದು ಅಲೆಯ ಉದ್ದ 42.7 ಮೀಟರ್. ಡೈಪೋಲ್ ಎಂಬ ಸರಳ ಆಂಟೆನಾಕ್ಕೆ ಅದರ ಅರ್ಧ ಸಾಕು. ತುದಿಗಳ ಪ್ರಭಾವಕ್ಕೆಂದು ನೂರಕ್ಕೆ ಐದರಷ್ಟು ಕಳೆದರೆ 20.3 ಮೀಟರ್, ಅಡಿಯಲ್ಲಿ ಅರುವತ್ತಾರೂವರೆ. ನಡುವೆ ಕತ್ತರಿಸಿ, ಆ ಎರಡು ತುದಿಗಳಿಗೆ ಕೇಬಲ್ ಜೋಡಿಸಿದರೆ ಡೈಪೋಲ್ ಆಯಿತು. ಆದರೆ ಅಟ್ಟದ ಉದ್ದ 44 ಅಡಿ.

ಇಲ್ಲಿ ಹುಡುಗ ಸ್ಕಿಪ್ಪಿಂಗ್ ಹಗ್ಗದ ಉದಾಹರಣೆ ಕೊಟ್ಟ. ಎರಡು ಕಡೆ ಹಿಡಿದು ತಿರುಗಿಸಿದರೆ ಹಗ್ಗ ಹೆಚ್ಚು ಕುಣಿಯುವುದು ನಡುವಿನಲ್ಲಿ, ತುದಿಯಲ್ಲಿ ಕುಣಿತವಿಲ್ಲ. ಅರ್ಧ ಅಲೆಯ ತಂತಿಯಲ್ಲಿ ವಿದ್ಯುತ್ ಪ್ರವಾಹವೂ ಹಾಗೆಯೇ. ನಡುವೆ ಹೆಚ್ಚು, ತುದಿಯಲ್ಲಿ ಸೊನ್ನೆ. ಅಲೆಯನ್ನು ಹೊರಗೆ ಎಸೆಯುವ ಕೆಲಸ ಬಹುಪಾಲು ನಡುವಿನದ್ದು. ಆದ್ದರಿಂದ ನಡುವನ್ನು ನೇರವಾಗಿಟ್ಟು ತುದಿಗಳನ್ನು ಮಡಿಸಿದರೆ ನಷ್ಟ ಅಲ್ಪ. ಮಾಡಿನ ನೆತ್ತಿಯ ಕೆಳಗೆ ಒಂದೊಂದು ಕಡೆಗೆ 21 ಅಡಿ ನೇರ, ಮಿಕ್ಕ 12 ಅಡಿ ಚಿಲ್ಲರೆಯನ್ನು ಒಂದು ಕಡೆ ಪೂರ್ವದ ಇಳಿಜಾರಿಗೆ, ಇನ್ನೊಂದು ಕಡೆ ಪಶ್ಚಿಮದ ಇಳಿಜಾರಿಗೆ ಇಳಿಸುವುದೆಂದು ತೀರ್ಮಾನವಾಯಿತು.

ಪ್ರವಾಹ ಸೊನ್ನೆ ಇರುವ ತುದಿಯಲ್ಲಿ ವೋಲ್ಟೇಜು ಮಾತ್ರ ಎಲ್ಲಕ್ಕಿಂತ ಹೆಚ್ಚು. ಹತ್ತು ವ್ಯಾಟಿಗೆ ಭಯಪಡುವಷ್ಟಿಲ್ಲದಿದ್ದರೂ ಸುತ್ತ ಒಣ ಮರ, ಗೋಣಿ, ಜೇಡರ ಬಲೆ. ಹಳೆಯ ಕಾಲದ ವೈರಿಂಗ್‌ನಿಂದ ಕಳಚಿಟ್ಟಿದ್ದ ಪಿಂಗಾಣಿಯ ಬಿಲ್ಲೆಗಳು ಅಟ್ಟದಲ್ಲೇ ಒಂದು ಡಬ್ಬದಲ್ಲಿ ಸಿಕ್ಕವು. ತಂತಿ ಎಲ್ಲೂ ಮರವನ್ನು ಮುಟ್ಟದಂತೆ ಅವುಗಳಿಂದ ತೂಗುಹಾಕಿದರು. ಬೇಡವೆಂದು ಇಟ್ಟದ್ದೇ ಬೇಕಾಗುತ್ತದೆ ಎಂದು ರಾಯರು ಹೇಳಿದರು. ಹಾಗಾದರೆ ಹಂಡೆಯನ್ನು ಯಾಕೆ ಅಟ್ಟದಿಂದ ಇಳಿಸಲು ಹೇಳಿದಿರಿ ಎಂದು ಹೆಂಡತಿ ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ತಂತಿಯ ಹತ್ತಿರ ಅಷ್ಟು ದೊಡ್ಡ ಲೋಹ ಇರಬಾರದು, ನಿಜ. ಆದರೆ ಕೇಳಿಸದಿರುವುದರಲ್ಲಿ ಸ್ವಲ್ಪ ಅನುಕೂಲವೂ ಇದೆ.

ಎರಡು ಭಾನುವಾರದ ಕೆಲಸ. ಸೆಕೆ, ಬಗ್ಗಿದ ಬೆನ್ನು, ತಲೆಗೆ ಪಕಾಸಿನ ಪೆಟ್ಟು. ಕೇಬಲ್ ಕೊಳ್ಳಲಿಲ್ಲ, ಡಿಶ್ ಆಂಟೆನಾದ ಕೇಬಲ್ ಉಳಿದಿತ್ತು. ಅದು 75 ಓಮ್‌ನದು, ಯಂತ್ರಕ್ಕೆ ಬೇಕಾದದ್ದು 50. ಸ್ವಲ್ಪ ಹೊಂದಿಕೆಯಾಗದು, ಕೆಡುಕೇನೂ ಇಲ್ಲ. ಶಿವಮೊಗ್ಗದ ಹ್ಯಾಮ್ ಒಬ್ಬರು ಆಂಟೆನಾ ಅಳೆಯುವ ಉಪಕರಣವನ್ನು ಎರಡು ದಿನಕ್ಕೆ ಎರವಲು ಕೊಟ್ಟರು. ಅದನ್ನು ಜೋಡಿಸಿದರೆ ತಂತಿ ಮಿಡಿಯುತ್ತಿದ್ದುದು 6.8 ಮೆಗಾಹರ್ಟ್ಸ್‌ನಲ್ಲಿ. ಪ್ಲಾಸ್ಟಿಕ್ ಹೊದಿಕೆ, ಹತ್ತಿರದ ಮರ, ಹಂಚು ಎಲ್ಲ ಸೇರಿ ತಂತಿ ಇದ್ದುದಕ್ಕಿಂತ ಉದ್ದವಾಗಿರುವಂತೆ ವರ್ತಿಸುತ್ತಿತ್ತು. ಬಯಲಿನ ಸೂತ್ರ ಅಟ್ಟಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕತ್ತರಿಸಬೇಕು. ಕತ್ತರಿಸಿದ ತಂತಿ ಬೆಳೆಯುವುದಿಲ್ಲವಾದ್ದರಿಂದ ದರ್ಜಿಯ ಎಚ್ಚರದಲ್ಲಿ ಮೊದಲು ಎರಡೂ ಕಡೆ ಅರ್ಧ ಅಡಿ, ಮತ್ತೆ ಅಳೆದು ಇನ್ನರ್ಧ ಅಡಿ, ಮತ್ತೆ ಒಂದು ಅಂಗುಲ. ಮೀಟರಿನ ಅಂಕ ಮೂರರಿಂದ ಒಂದೂವರೆಗೆ ಇಳಿಯಿತು. ಎಂದರೆ ಕಳುಹಿಸಿದ ಶಕ್ತಿಯಲ್ಲಿ ವಾಪಸು ಬರುವುದು ನೂರಕ್ಕೆ ನಾಲ್ಕು ಪಾಲು ಮಾತ್ರ. ರಾಯರು ಕತ್ತರಿಸಿದ ತುಂಡುಗಳನ್ನು ಎತ್ತಿ ಡಬ್ಬಕ್ಕೆ ಹಾಕಿದರು. ಬೇಡವೆಂದು ಇಟ್ಟದ್ದೇ ಬೇಕಾಗುತ್ತದೆ.

ಗಾಜಿನ ಹಂಚಿನ ಕೆಳಗೆ, ಬೆಳಕು ಬೀಳುವ ಜಾಗದಲ್ಲಿ, ಹಳೆಯ ಟ್ರಂಕಿನ ಮೇಲೆ ಯಂತ್ರ ಕುಳಿತಿತು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ರಾಯರು ಕೀಲಿಯ ಮೇಲೆ ಬೆರಳಿಟ್ಟು ಸಿ ಕ್ಯೂ ಎಂದು ಕರೆದರು. ಯಾರಿದ್ದೀರಿ ಎಂದು ಇದರ ಅರ್ಥ. ಮೂರನೆಯ ಕರೆಗೆ ಉತ್ತರ ಬಂತು. ಇಷ್ಟು ತಗ್ಗಿನಲ್ಲಿ ಕಟ್ಟಿದ ಆಂಟೆನಾ ಅಲೆಯನ್ನು ಹೆಚ್ಚಾಗಿ ಮೇಲಕ್ಕೇ ಎಸೆಯುತ್ತದೆ. ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳ ಅದನ್ನು ಬಗ್ಗಿಸಿ ಕೆಳಗೆ ಕಳುಹಿಸುತ್ತದೆ. ಹಾಗೆ ಬಿದ್ದ ಜಾಗ ಕೊಚ್ಚಿ. ಅಲ್ಲಿದ್ದವರು ಹಡಗಿನ ನಿವೃತ್ತ ರೇಡಿಯೋ ಅಧಿಕಾರಿ. ಹಡಗುಗಳಲ್ಲಿ ಮೋರ್ಸ್ 1999ರಲ್ಲಿ ವಿದಾಯ ಹೇಳಿತ್ತು. ಅವರದ್ದೂ ರಾಯರ ಹಾಗೆಯೇ ಬೆರಳಿದ್ದು ಕೆಲಸವಿಲ್ಲದ ಕಥೆ. ಹೆಸರು, ಊರು, ಹವಾಮಾನ ಆದ ಮೇಲೆ ಅವರು, "ನಿಮ್ಮ ಕೈ ತಂತಿ ಕಚೇರಿಯದ್ದೇ?" ಎಂದು ಕೇಳಿದರು. ಕೈ ನೋಡಿದ್ದಲ್ಲ, ಕೇಳಿದ್ದು. ದನಿಯಿಂದ ಜನರನ್ನು ಗುರುತಿಸುವಂತೆ ಚುಕ್ಕೆ ಗೀಟುಗಳ ಲಯದಿಂದ ಬಲ್ಲವರು ಬಲ್ಲವರನ್ನು ಗುರುತಿಸುತ್ತಾರೆ.

ಆ ದಿನ ಕೊನೆಯಲ್ಲಿ ಇಬ್ಬರೂ 73 ಎಂದು ಹೇಳಿ ಮುಗಿಸಿದರು. ಶುಭಾಶಯಕ್ಕೆ ಈ ಸಂಖ್ಯೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ತಂತಿ ಕಚೇರಿಗಳಿಂದ ಬಂದದ್ದು. ರಾಯರು ಕೆಳಗಿಳಿದಾಗ ಊಟ ಆರಿ ತಣ್ಣಗಾಗಿತ್ತು. ಹೆಂಡತಿ ಆಗಿನಿಂದ ಒಂದು ಪದ್ಧತಿ ಮಾಡಿದರು: ಊಟಕ್ಕೆ ಕರೆಯಬೇಕಾದರೆ ಏಣಿಗೆ ಸೌಟಿನಿಂದ ಕುಟ್ಟುವುದು. ಅದು ಯಾವ ಸಂಕೇತವೂ ಅಲ್ಲ, ಆದರೆ ಎಷ್ಟು ಜೋರಾಗಿದೆ ಎಂಬುದರಲ್ಲೇ ಎಲ್ಲ ಅರ್ಥವೂ ಇರುತ್ತದೆ.

ಮನೆಯೊಳಗಿನ ಆಂಟೆನಾದ ದೋಷ ಆಮೇಲೆ ಗೊತ್ತಾಯಿತು. ರಾಯರು ಕೀಲಿ ಒತ್ತಿದಾಗ ಕೆಳಗೆ ಟಿವಿಯಲ್ಲಿ ಅತ್ತೆ ಅಳುವ ನಡುವೆ ಟಿಕ್ ಟಿಕ್ ಎಂದಿತು. ಆಂಟೆನಾದ ಬುಡದಲ್ಲಿ ಕೇಬಲ್ಲನ್ನು ಹತ್ತು ಸುತ್ತು ಸುತ್ತಿ, ಟಿವಿಯ ವೈರಿಗೆ ಫೆರೈಟ್ ಮಣಿ ಹಾಕಿ ಅದನ್ನು ನಿಲ್ಲಿಸಿದರು. ಎದುರು ದಿಕ್ಕಿನ ಉಪದ್ರ ಮಾತ್ರ ನಿಲ್ಲಲಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಪ್ರತಿಯೊಂದೂ ತನ್ನದೊಂದು ಗೊರಗೊರ ಎಬ್ಬಿಸುತ್ತದೆ. ತೋಟದ ತಂತಿಗೆ ಅದು ದೂರ, ಅಟ್ಟದ ತಂತಿಗೆ ಬಗಲಲ್ಲೇ. ದುರ್ಬಲ ಸಂಕೇತಗಳೆಲ್ಲ ಅದರಲ್ಲಿ ಮುಳುಗುತ್ತವೆ. ಕರೆಂಟು ಹೋದರೆ ಮಾತ್ರ ಇಡೀ ಊರಿನ ಗದ್ದಲ ಒಮ್ಮೆಲೇ ನಿಂತು, ಮಳೆಯ ಮರುದಿನದ ಗುಡ್ಡಗಳ ಹಾಗೆ ದೂರದ ಸ್ಟೇಷನ್ನುಗಳು ಸ್ಪಷ್ಟವಾಗುತ್ತವೆ. ಸ್ಕೂಟರಿನ 12 ವೋಲ್ಟ್ ಬ್ಯಾಟರಿಯಲ್ಲಿ ಯಂತ್ರ ನಡೆಯುತ್ತದೆ. ಅಂಥ ರಾತ್ರಿಗಳಲ್ಲಿ ಶ್ರೀಲಂಕಾ, ಥಾಯ್ಲೆಂಡು, ಒಮ್ಮೆ ರಷ್ಯಾ. ರಾಯರ ಖುಷಿಗೆ ಇದು ಕಾರಣ.

ಹೀಗಿರುವಾಗ ಶೀಟು ಬಂತು.

ಮಲೆನಾಡಿನಲ್ಲಿ ಈಗ ಹಂಚಿನ ಮನೆ ಇಟ್ಟುಕೊಳ್ಳುವುದು ಆನೆ ಸಾಕಿದಂತೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು, ಆ ಕೆಲಸ ಬಲ್ಲವರು ಸಿಗುವುದಿಲ್ಲ. ಮಂಗಗಳು ಒಡೆದ ಹಂಚಿಗೆ ಹೊಸದು ಹುಡುಕಿದರೆ ಅಳತೆ ಕೂಡುವುದಿಲ್ಲ. ಎಲ್ಲರೂ ಬಣ್ಣದ ಲೋಹದ ಶೀಟು ಹಾಕಿಸುತ್ತಿದ್ದಾರೆ. ಹಿಂದಿನ ಮಳೆಗಾಲದಲ್ಲಿ ಸೋರುವ ಹಂಚು ಸರಿಸಲು ಹೋಗಿ ರಾಯರು ಸೂರಿನಿಂದ ಜಾರಿದರು. ಕೆಳಗೆ ಗೊಬ್ಬರದ ರಾಶಿ ಇದ್ದುದರಿಂದ ಮೊಣಕಾಲಿನ ಮಟ್ಟಿಗೆ ಮುಗಿಯಿತು. ಮಗ ಬೆಂಗಳೂರಿನಿಂದ ಬಂದು ನೋಡಿ, ಏನೂ ಮಾತಾಡದೆ ಅಳತೆ ತೆಗೆದುಕೊಂಡು ಹೋದ. ದೀಪಾವಳಿಗೆ ಲಾರಿಯಲ್ಲಿ ನೀಲಿ ಶೀಟುಗಳು ಬಂದಿಳಿದವು. ಜೊತೆಗೆ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು.

ರಾಯರು ಶೀಟನ್ನು ಬೆರಳಿನಿಂದ ತಟ್ಟಿ ನೋಡಿ ಅಟ್ಟ ಹತ್ತಿದರು. ಊಟಕ್ಕೆ ಸೌಟು ಕುಟ್ಟಿದರೂ ಇಳಿಯಲಿಲ್ಲ.

ಮಗನದು ತಪ್ಪೆನ್ನುವಂತಿಲ್ಲ. ಎಪ್ಪತ್ತು ದಾಟಿದ ಅಪ್ಪ ಮಾಡಿನ ಮೇಲೆ ಹತ್ತುತ್ತಾರೆಂದರೆ ಯಾವ ಮಗನಿಗೆ ಬೆಂಗಳೂರಿನಲ್ಲಿ ನಿದ್ದೆ ಬರುತ್ತದೆ? "ಆಂಟೆನಾ ಶೀಟಿನ ಮೇಲೆ ಕಟ್ಟಿದರಾಯ್ತಲ್ಲ" ಎಂದ. ಪಕ್ಕದ ಮನೆಯ ಹುಡುಗ ಮಂಗಗಳ ಇತಿಹಾಸ ಹೇಳಿದ. "ಅಟ್ಟದಲ್ಲೇ ಇರಲಿ, ಶೀಟು ಎಷ್ಟು ತಡೆದೀತು?" ಎಂದ. ಹುಡುಗ ಮಾತಾಡಲಿಲ್ಲ. ಅಡುಗೆಮನೆಯಿಂದ ಅಕ್ಕಿಯ ಸ್ಟೀಲ್ ಡಬ್ಬ ತಂದ, ರಾಯರ ಹಳೆಯ ಟ್ರಾನ್ಸಿಸ್ಟರಿನಲ್ಲಿ ಭದ್ರಾವತಿ ಆಕಾಶವಾಣಿ ಹಾಕಿದ, ಅಕ್ಕಿಯ ಮೇಲೆ ಇಟ್ಟು ಮುಚ್ಚಳ ಒತ್ತಿದ. ಹಾಡು ಅರ್ಧಕ್ಕೆ ನಿಂತು ಬರೀ ಸೊಂಯ್ ಎಂದಿತು. ಮುಚ್ಚಳ ತೆಗೆದ, ಹಾಡು ಬಂತು. ಮೊಮ್ಮಗಳು ಡಬ್ಬ ಕಿತ್ತುಕೊಂಡು ಹತ್ತು ಸಲ ಮುಚ್ಚಿ ತೆಗೆದು ಮಾಡಿದಳು. ಆಮೇಲೆ ಅವಳೇ, "ಹಾಗಾದ್ರೆ ಶೀಟ್ ಹಾಕಿದ್ರೆ ಅಜ್ಜ ಡಬ್ಬದೊಳಗೆ ಕೂತ ಹಾಗೆ ಅಲ್ವಾ ಅಪ್ಪ?" ಎಂದಳು.

ಮಗ ಅಂದು ಸಂಜೆ ಅಟ್ಟ ಹತ್ತಿದ. ಒಂದು ಗಂಟೆ ಅಲ್ಲಿದ್ದ. ಅಪ್ಪ ಮಗ ಏನು ಮಾತಾಡಿದರೋ ಕೆಳಗಿನವರಿಗೆ ತಿಳಿಯಲಿಲ್ಲ, ಬಹುಶಃ ಏನೂ ಮಾತಾಡಲಿಲ್ಲ. ಇಳಿದು ಬಂದವನು ತಾಯಿಯ ಹತ್ತಿರ, "ಅವರು ನಗ್ತಾ ಇದ್ರು ಅಮ್ಮ, ಆ ಕಡೆಯವನು ಏನೋ ಹೇಳಿದ್ದಕ್ಕೆ" ಎಂದ. ಫೋನಿನಲ್ಲಿ ತನ್ನೊಡನೆ ಅಪ್ಪ ನಕ್ಕು ಎಷ್ಟು ವರ್ಷವಾಯಿತು ಎಂದು ಅವನು ಲೆಕ್ಕ ಹಾಕುತ್ತಿದ್ದಂತಿತ್ತು.

ತೀರ್ಮಾನ ಕೊಟ್ಟವರು ರಾಯರ ಹೆಂಡತಿ. ಅಡುಗೆಮನೆ, ಬಚ್ಚಲು, ಕೊಟ್ಟಿಗೆಗೆ ಶೀಟು. ನಡುಮನೆಯ ಮಾಡು ಹಂಚಿನದೇ ಇರಲಿ. ಇವರು ಮಾತ್ರ ಇನ್ನು ಮಾಡಿನ ಮೇಲೆ ಕಾಲಿಡಕೂಡದು. ಹಂಚಿನ ಕೆಲಸಕ್ಕೆ ಆಳು ಎಷ್ಟೇ ದೂರದಿಂದ ಬರಲಿ, ದುಡ್ಡು ಮಗ ಕೊಡಬೇಕು. ಪಂಚಾಂಗದ ಹಿಂದೆ ಇದನ್ನೆಲ್ಲ ಬರೆದು ಅಪ್ಪ ಮಗ ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ಶೀಟು ಹಾಕಿದ ಅಡುಗೆಮನೆಯಲ್ಲಿ ಮಳೆ ಬಂದರೆ ಈಗ ಅವರಿಗೇ ಏನೂ ಕೇಳಿಸುವುದಿಲ್ಲ.

ಮೊಮ್ಮಗಳು ಬೆಂಗಳೂರಿಗೆ ಹೋದವಳು ಮೊಬೈಲಿನಲ್ಲಿ ಮೋರ್ಸ್ ಕಲಿಸುವ ಆಟವೊಂದನ್ನು ಹಿಡಿದಿದ್ದಾಳೆ. ಭಾನುವಾರ ಬೆಳಗ್ಗೆ ಫೋನು ಬರುತ್ತದೆ. ರಾಯರು ಕಿವಿಗೆ ಒತ್ತಿ ಹಿಡಿಯುತ್ತಾರೆ. ಆ ಕಡೆಯಿಂದ ಮಾತಿಲ್ಲ, ಕುಂಯ್ ಕುಂಯ್ ಮಾತ್ರ. ಮೊದಲ ವಾರ ಅವಳ ಹೆಸರು ಬಂತು, ಎರಡನೆಯ ವಾರ ತಿಂಡಿ ಏನೆಂಬುದು. ಅವಳ ಗೀಟು ಮೂರು ಚುಕ್ಕೆಯಷ್ಟು ಉದ್ದವಿರುವುದಿಲ್ಲ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಒಮ್ಮೆ ಇಡ್ಲಿ ಎಂದು ಕಳುಹಿಸಿದ್ದು ರಾಯರಿಗೆ ಯಾವುದೋ ರಷ್ಯದ ಊರಿನ ಹೆಸರಿನಂತೆ ಕೇಳಿಸಿತು. "ಜಾಗ ಬಿಡು ಪುಟ್ಟಿ, ಜಾಗ ಬಿಟ್ಟು ಹೊಡಿ" ಎಂದು ಅವರು ಕೂಗುವುದು ತೋಟದವರೆಗೂ ಕೇಳುತ್ತದೆ. ಕೈ ಇನ್ನೂ ಪಳಗಿಲ್ಲ, ಕಿವಿ ಚುರುಕಾಗಿದೆ ಎಂದು ಹೆಂಡತಿಗೆ ವರದಿ ಕೊಡುತ್ತಾರೆ.

ಅವಳು ಪರವಾನಗಿ ಪರೀಕ್ಷೆಗೆ ಕೂರಬೇಕಾದರೆ ಹನ್ನೆರಡು ತುಂಬಬೇಕು. ಮೂರು ವರ್ಷ, ಎಂದರೆ ಮೂರು ಮಳೆಗಾಲ. ರಾಯರು ಟಾರ್ಚು ಹಿಡಿದು ಅಟ್ಟದೊಳಗಿನಿಂದಲೇ ಹಂಚುಗಳನ್ನು ಎಣಿಸಿ, ಬಿರುಕು ಬಿಟ್ಟವಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಕೊಪ್ಪದ ಕಡೆ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾರೆಂದು ತಿಳಿದು, ಅಳತೆ ಕೂಡುವ ಇನ್ನೂರು ಹಂಚು ಕೊಂಡು ತಂದರು. ಅವನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದಾರೆ. ಮಂಗಗಳು ಮುಟ್ಟದಂತೆ ಅದರ ಮೇಲೆ ಮಿಕ್ಕಿದ ನೀಲಿ ಶೀಟು ಹೊದಿಸಿ, ಎರಡು ಕಲ್ಲು ಹೇರಿದ್ದಾರೆ.